ಕಚ್ಚದ ಚಪ್ಪಲಿ

ಹೋದ ತಿಂಗಳು ನಮ್ಮ ಸರಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಕಾಲು ನೋಡುವ ದಿನವಿತ್ತು. ಮಗಳು ಬಿಡಲಿಲ್ಲ, ಕರೆದುಕೊಂಡು ಹೋದಳು. ನನ್ನ ಸರದಿ ಬಂದಾಗ ಒಬ್ಬ ಎಳೆಯ ನರ್ಸಮ್ಮ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಟಬ್ಬನ್ನು ಕಾಲ ಬುಡಕ್ಕೆ ದೂಡಿದಳು. ಅದರಲ್ಲಿ ನೇರಳೆ ಬಣ್ಣದ ನೀರು. ತುಕ್ಕು ಹಿಡಿದ ಬಾಲ್ದಿಯಿಂದ ಬರುವಂಥ ವಾಸನೆ. ಅಷ್ಟೇ ಸಾಕಾಯಿತು. ಕಾಲು ಅದ್ದುವ ಮೊದಲೇ ನಾನು ಅರವತ್ತರ ದಶಕದ ಆ ಮಳೆಗಾಲಕ್ಕೆ ಹೋಗಿ ಕುಳಿತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಟ್ಟೆಯೊಳಗೆ ಅದೇ ಹಳೆಯ ಕಿಚ್ಚು ಮತ್ತೆ ಚುರ್ರೆಂದಿತು.

ನನ್ನ ಹೊಟ್ಟೆಕಿಚ್ಚು ಸಣ್ಣದಲ್ಲ. ಆ ಮಳೆಗಾಲದಲ್ಲಿ ಅದು ಒಂದು ಹೆಣ್ಣಿನ ಬಾಳನ್ನೇ ಬೀದಿಗೆ ತರುವುದರಲ್ಲಿತ್ತು. ಹೇಗೆ ತಪ್ಪಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಜಾಲ್ಸೂರು. ಕಡಬದ ಕಡೆಯ ಒಂದು ಬೇಸಾಯದ ಮನೆಗೆ ಹಿರಿಯ ಸೊಸೆಯಾಗಿ ಬಂದು ಆಗ ನಾಲ್ಕು ವರ್ಷ. ಅದೇ ಬೇಸಿಗೆಯಲ್ಲಿ ಮೈದುನನಿಗೆ ಮದುವೆಯಾಗಿ ಮರ್ಕಂಜದಿಂದ ದೇವಕಿ ಬಂದಳು. ಮೈದುನ ಮಡಿಕೇರಿಯ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ ಕೆಲಸದಲ್ಲಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಮಾವನೂ ನನ್ನ ಗಂಡನೂ ಬೆಳಗಾದರೆ ಹೊರಗಿನ ಕೆಲಸಕ್ಕೆ. ಹಾಗಾಗಿ ದಿನವಿಡೀ ಒಟ್ಟಿಗಿರುವುದು ನಾವು ಮೂವರೇ: ಅತ್ತೆ, ನಾನು, ದೇವಕಿ. ನಮ್ಮ ಮನೆ ಮಾತು ಅರೆಭಾಷೆ. ಇಲ್ಲಿ ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಬರೆದಿದ್ದೇನೆ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬೆಳಿಗ್ಗೆ ಮಳೆಗೆ ಓಲೆಯ ಗೊರಬೆ ಹೊದ್ದು, ಬೆನ್ನು ಬಾಗಿಸಿ ಭತ್ತದ ನೇಜಿ ನೆಡಲು ಗದ್ದೆಗಿಳಿದರೆ ಮಧ್ಯಾಹ್ನ ಗಂಜಿಗೆ ಮೇಲೆ ಬರುವುದು, ಮತ್ತೆ ಇಳಿಯುವುದು. ಹದಿನೈದು ದಿನಕ್ಕೆ ನನ್ನ ಕಾಲ್ಬೆರಳ ಸಂದುಗಳೆಲ್ಲ ಬೆಳ್ಳಗೆ ಬೆಂದು, ಸಿಪ್ಪೆ ಎದ್ದು, ಹುಣ್ಣಾದವು. ಕೆಸರುಹುಣ್ಣು. ಗದ್ದೆಗಿಳಿಯುವ ಎಲ್ಲ ಹೆಂಗಸರಿಗೂ ಆಗುತ್ತಿತ್ತು. ಸಂಜೆ ಬಿಸಿನೀರಿಗೆ ಕಾಲಿಟ್ಟರೆ ಪ್ರಾಣ ಹೋಗಿ ಬಂದಂತೆ. ನಾನು ನೋವನ್ನು ನುಂಗಿಕೊಳ್ಳುವ ಪೈಕಿಯಲ್ಲ. "ಅಯ್ಯಯ್ಯೋ ಅಮ್ಮಾ" ಎಂದು ಊರಿಗೇ ಕೇಳುವ ಹಾಗೆ ಕೂಗುತ್ತಿದ್ದೆ.

ದೇವಕಿ ಮಾತ್ರ ತುಟಿ ಬಿಚ್ಚಲಿಲ್ಲ. ಅವಳ ಬಲಗಾಲಿನ ಅಡಿಯಲ್ಲಿ, ಹೆಬ್ಬೆರಳ ಬುಡದಲ್ಲಿ, ಒಂದು ಹುಣ್ಣಿತ್ತು. ಹುಣಸೆ ಬೀಜ ಹೊಗುವಷ್ಟು ತೂತು. ಅದನ್ನಿಟ್ಟುಕೊಂಡು ಗದ್ದೆಯ ಅಂಚಿನಲ್ಲಿ ದಡದಡ ಓಡುತ್ತಿದ್ದಳು, ನೀರು ಸೇದುತ್ತಿದ್ದಳು, ಹಟ್ಟಿಯ ಗೊಬ್ಬರ ಹೊರುತ್ತಿದ್ದಳು. ಅತ್ತೆಗೆ ಅದೊಂದು ಹಾಡು ಸಿಕ್ಕಿತು.

"ನೋಡು ಕಮಲಾ, ಮೊನ್ನೆ ಬಂದ ಹುಡುಗಿ. ಒಂದು ದಿವಸ ಕಾಲು ನೋವು ಅಂತ ಹೇಳಿದ್ದುಂಟಾ? ನಿನ್ನದು ದಿನಕ್ಕೆ ಹತ್ತು ಸಲ ಬೊಬ್ಬೆ."

ದಿನಾ ಇದೇ ಮಾತು. ನಾಲ್ಕು ವರ್ಷ ಆ ಮನೆಯ ಕೆಸರು ತುಳಿದವಳು ನಾನು, ಹೊಗಳಿಕೆ ನಿನ್ನೆ ಬಂದವಳಿಗೆ. ಅವಳ ಬಣ್ಣ ನನಗಿಂತ ತಿಳಿ, ಜಡೆ ನನಗಿಂತ ಉದ್ದ, ಏಳನೆಯ ಕ್ಲಾಸು ಬೇರೆ ಓದಿದ್ದಳು. ಅಷ್ಟನ್ನೂ ಹೇಗೋ ಸಹಿಸಿದ್ದೆ. ನೋವು ತಿನ್ನುವುದರಲ್ಲೂ ಅವಳೇ ಮುಂದೆ ಎಂದಾದಾಗ ಮಾತ್ರ ನನಗೆ ತಡೆಯಲಿಲ್ಲ. ಬೇಕೆಂದೇ ಮೌನವಾಗಿ ಬಿಸಿನೀರಿಗೆ ಕಾಲಿಟ್ಟು ನೋಡಿದೆ. ಎರಡು ಗಳಿಗೆ ಹಲ್ಲು ಕಚ್ಚಿದೆ. ಮತ್ತೆ ಕೂಗಿಯೇ ಬಿಟ್ಟೆ.

ಆ ದಿನಗಳಲ್ಲಿ ಪೇಟೆಯ ಧರ್ಮಾಸ್ಪತ್ರೆಯಿಂದ ಸಿಸಿಲಿ ಬಾಯಿ ಎಂಬ ನರ್ಸು ಮನೆಮನೆಗೆ ಸೂಜಿ ಹಾಕಲು ಬರುತ್ತಿದ್ದರು. ಮಂಗಳೂರಿನ ಕಡೆಯ ಕ್ರಿಶ್ಚನ್ ಹೆಂಗಸು, ಅವರಲ್ಲಿ ಬಾಯಿ ಎಂದರೆ ನಮ್ಮ ಅಮ್ಮ ಎಂದ ಹಾಗೆ, ನಡುವಯಸ್ಸು ದಾಟಿದವರು, ಕೊಡೆ ಹಿಡಿದರೂ ಅರ್ಧ ನೆನೆದೇ ಇರುತ್ತಿದ್ದರು. ನಮ್ಮ ಜಗಲಿಯಲ್ಲಿ ಕುಳಿತು ಅತ್ತೆಯ ತೋಳಿಗೆ ಸೂಜಿ ಚುಚ್ಚುತ್ತಿದ್ದವರ ಕಣ್ಣು ದೇವಕಿಯ ಕಾಲಿನ ಮೇಲೆ ಬಿತ್ತು. ಕಾಲನ್ನು ಎತ್ತಿ ತೊಡೆಯ ಮೇಲಿಟ್ಟು ನೋಡಿದರು. ಮುಖ ಸ್ವಲ್ಪ ಬದಲಾದಂತೆ ಕಂಡಿತು, ಆದರೆ ಸ್ವರ ಬದಲಾಗಲಿಲ್ಲ.

"ಕೆಸರುಹುಣ್ಣು ಸ್ವಲ್ಪ ಜಾಸ್ತಿಯಾಗಿದೆ ಅಮ್ಮ. ಬುಧವಾರ ಬುಧವಾರ ಆಸ್ಪತ್ರೆಗೆ ಕಳಿಸಿ. ನಾನು ತೊಳೆದು ಕಟ್ಟಿಕೊಡ್ತೇನೆ."

"ಒಬ್ಬಳನ್ನೇ ಹೇಗೆ ಕಳಿಸುದು? ಹೊಸ ಹುಡುಗಿ," ಎಂದರು ಅತ್ತೆ. "ಕಮಲಾ, ನೀನೂ ಹೋಗು."

ಹಾಗೆ ನಾನು ಅವಳ ಬೆಂಗಾವಲಿಗೆ ಹೊರಟೆ. ಎರಡು ಮೈಲಿ ದಾರಿ, ಮಧ್ಯೆ ಒಂದು ತೋಡು, ದಾಟಲು ಮರದ ಸಂಕ. ನನ್ನ ಹುಣ್ಣು ನನ್ನ ಕಾಲಲ್ಲೇ ಇತ್ತು. ಯಾರೂ ಕೇಳಲಿಲ್ಲ.

ಧರ್ಮಾಸ್ಪತ್ರೆ ಎಂದರೆ ಒಂದು ಹೆಂಚಿನ ಕಟ್ಟಡ, ಮುಂದೆ ಉದ್ದದ ಬೆಂಚು, ಒಳಗೆ ಮದ್ದಿನ ಕೋಣೆ. ಸಿಸಿಲಿ ಬಾಯಿ ಹಿಂದಿನ ಜಗಲಿಯಲ್ಲಿ ದೇವಕಿಯನ್ನು ಮರದ ಸ್ಟೂಲಿನ ಮೇಲೆ ಕೂರಿಸಿದರು. ತಾವು ಕೆಳಗೆ ಮಣೆ ಹಾಕಿ ಕುಳಿತರು. ಎನಾಮಲ್ ಬೇಸಿನ್ನಿನ ಬಿಸಿನೀರಿಗೆ ಒಂದು ಚಿಟಿಕೆ ಮದ್ದು ಹಾಕಿದ್ದೇ ನೀರು ನೇರಳೆಯಾಯಿತು. ಅದರಲ್ಲಿ ದೇವಕಿಯ ಎರಡೂ ಕಾಲಿಟ್ಟು ತೊಳೆದರು ನೋಡಿ! ಹಿಮ್ಮಡಿಯನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಿದರು. ಬೆರಳು ಬೆರಳು ಬಿಡಿಸಿ ಬಿಳಿ ಬಟ್ಟೆಯಿಂದ ಒರೆಸಿದರು. ಹುಣ್ಣಿನ ಅಂಚನ್ನು ಕತ್ತರಿಸಿ, ಮದ್ದಿಟ್ಟು, ಕಟ್ಟು ಕಟ್ಟಿ, ಉಳಿದ ಕಾಲಿಗೆಲ್ಲ ತೆಂಗಿನೆಣ್ಣೆ ಸವರಿದರು.

ನಾನು ಗೋಡೆಗೊರಗಿ ನಿಂತು ನೋಡುತ್ತಿದ್ದೆ. ನಮ್ಮಲ್ಲಿ ಮದುಮಗನ ಕಾಲಿಗೆ ಹೆಣ್ಣಿನ ಕಡೆಯವರು ನೀರು ಹೊಯ್ಯುತ್ತಾರೆ. ಗಂಡಸಿಗೆ ಜನ್ಮದಲ್ಲಿ ಆ ಒಂದು ದಿನವಾದರೂ ಉಂಟು. ಹೆಂಗಸಿನ ಕಾಲನ್ನು ಯಾರು ಹಿಡಿಯುತ್ತಾರೆ? ನನ್ನ ಕಾಲನ್ನು ಅಮ್ಮ ಬಿಟ್ಟರೆ ಇನ್ನೊಬ್ಬರು ಪ್ರೀತಿಯಿಂದ ಮುಟ್ಟಿದ ನೆನಪೇ ಇಲ್ಲ. ಇಲ್ಲಿ ಇವಳು, ನಿನ್ನೆ ಮೊನ್ನೆಯವಳು, ಸ್ಟೂಲಿನ ಮೇಲೆ ರಾಣಿಯ ಹಾಗೆ ಕುಳಿತು ಕಾಲು ತೊಳೆಸಿಕೊಳ್ಳುತ್ತಿದ್ದಾಳೆ! ನನಗೆ ಮದ್ದಿನ ಕೋಣೆಯ ಕಂಪೌಂಡರು ಎಲೆಯಲ್ಲಿ ಒಂದಿಷ್ಟು ಮುಲಾಮು ಇಟ್ಟು, "ಬೆರಳಿನ ಸಂದಿಗೆ ಹಚ್ಚಿಕೊಳ್ಳಿ, ಸರಿಯಾಗ್ತದೆ" ಎಂದು ಮುಖವನ್ನೂ ನೋಡದೆ ಕೊಟ್ಟರು. ಆ ಮುಲಾಮನ್ನು ದಾರಿಯಲ್ಲಿ ತೋಡಿಗೆ ಎಸೆದೆ. ಅಷ್ಟು ಸಿಟ್ಟು.

ಇನ್ನೊಂದು ಆಟವೂ ಇತ್ತು. ತೊಳೆದಾದ ಮೇಲೆ ಸಿಸಿಲಿ ಬಾಯಿ ಒಂದು ಕೋಳಿಯ ಗರಿ ಹಿಡಿದು, "ಕಣ್ಣು ಮುಚ್ಚು ಮಗಾ. ಎಲ್ಲಿ ಮುಟ್ಟಿದೆ ಹೇಳು" ಎನ್ನುತ್ತಿದ್ದರು. ಗರಿ ಪಾದದ ಮೇಲೆಲ್ಲ ಓಡುತ್ತಿತ್ತು. ದೇವಕಿ ಕಣ್ಣು ಮುಚ್ಚಿ ಸುಮ್ಮನೆ ಕುಳಿತಿರುತ್ತಿದ್ದಳು. "ಗೊತ್ತಾಗುದಿಲ್ಲ ಬಾಯಿ" ಎನ್ನುತ್ತಿದ್ದಳು. ಆಗ ಬಾಯಿ ಅವಳ ಮೊಣಕಾಲನ್ನು ತಟ್ಟಿ, "ಹೆದರುದು ಬೇಡ" ಎಂದು ಮತ್ತಷ್ಟು ಮುದ್ದು ಮಾಡುತ್ತಿದ್ದರು. ಬಿಳಿ ಮಾತ್ರೆಯ ಪೊಟ್ಟಣ ಕೊಡುತ್ತಿದ್ದರು. ನಾನು ಲೆಕ್ಕ ಹಾಕಿದೆ: ಓಹೋ, ಇದು ಗುಟ್ಟು! ಗೊತ್ತಾಗುವುದಿಲ್ಲ ಎಂದವರಿಗೆ ಸೇವೆ ಜಾಸ್ತಿ. ಕಳ್ಳಿ, ಎಷ್ಟು ಚೆನ್ನಾಗಿ ಆಡುತ್ತಾಳೆ!

ಮೂರನೆಯ ಬುಧವಾರ ದೇವಕಿ ಸ್ಟೂಲಿನಿಂದ ಏಳುತ್ತಲೇ ನಾನು ಹೋಗಿ ಕುಳಿತುಬಿಟ್ಟೆ.

"ನನಗೂ ಕಾಲಿನಲ್ಲಿ ಎಂತದೂ ಗೊತ್ತಾಗುದಿಲ್ಲ ಬಾಯಿ."

ಸಿಸಿಲಿ ಬಾಯಿ ನನ್ನನ್ನು ಒಂದು ಕ್ಷಣ ನೋಡಿದರು. "ಹೌದಾ? ಕಣ್ಣು ಮುಚ್ಚು" ಎಂದರು.

ಗರಿ ಅಂಗಾಲಿಗೆ ತಾಗಿತು. ಅಯ್ಯೋ ದೇವರೇ, ಎಂಥ ಕಚಗುಳಿ! ನಗು ಗಂಟಲಿಗೆ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು "ಇಲ್ಲ, ಗೊತ್ತಾಗುದಿಲ್ಲ" ಎಂದೆ. ಕಣ್ಣು ಬಿಟ್ಟಾಗ ಬಾಯಿ ನಗುತ್ತಿರಲಿಲ್ಲ. ನನ್ನನ್ನೊಮ್ಮೆ, ದೇವಕಿಯನ್ನೊಮ್ಮೆ ನೋಡಿ ಏನೋ ಯೋಚಿಸಿದರು.

"ಸರಿ ಹಾಗಾದ್ರೆ. ಇನ್ನು ನಿನಗೂ ಬುಧವಾರ," ಎಂದು ಬೇಸಿನ್ನಿಗೆ ಹೊಸ ನೀರು ಹೊಯ್ದರು.

ನನ್ನ ಕಾಲನ್ನೂ ತೊಳೆದರು. ಬೆರಳಿನ ಸಂದಿಯ ಹುಣ್ಣಿಗೆ ನೇರಳೆ ನೀರು ತಾಗಿ ಉರಿದಾಗ ನಾನು ಕೂಗಲಿಲ್ಲ, ಕೂಗಿದರೆ ಸುಳ್ಳು ಹೊರಬೀಳುತ್ತದಲ್ಲ. ಅವರ ಕೈ ಒರಟು, ಬೆಚ್ಚಗೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಎಣ್ಣೆ ಸವರಿದಾಗ ನನಗೆ ಯಾಕೋ ಅಳು ಬಂತು. ನನಗೂ ಮಾತ್ರೆ ಕೊಟ್ಟರು, ಆದರೆ ಹಳದಿಯದ್ದು, ಶಕ್ತಿಯದ್ದಂತೆ. ಬಿಳಿಯದ್ದು ಅವಳಿಗೇ ಏಕೆ ಎಂದು ಮನೆ ತಲುಪುವವರೆಗೂ ಕುದಿದೆ.

ಆಷಾಢ ಕಳೆಯುವ ಹೊತ್ತಿಗೆ ಚಪ್ಪಲಿ ಬಂತು. ಮೊದಲೇ ಬಾಯಿ ದೇವಕಿಯ ಪಾದವನ್ನು ಕಾಗದದ ಮೇಲಿಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು ಎಲ್ಲಿಗೋ ಕಳಿಸಿದ್ದರು. ಬಂದದ್ದು ಕಪ್ಪು ಚಪ್ಪಲಿ, ಒಳಗೆ ದಪ್ಪದ ಮೆತ್ತನೆಯ ರಬ್ಬರು. ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ನನ್ನ ಮಾವನಿಗೂ ಅಂಥದ್ದು ಇರಲಿಲ್ಲ.

"ನನಗೆ?" ಎಂದೆ.

"ಒಂದೇ ಜೋಡಿ ಬಂದದ್ದು ಮಗಾ," ಎಂದರು ಬಾಯಿ. ದೇವಕಿಗೆ ಮಾತ್ರ ತುಂಬ ಗಟ್ಟಿಯಾಗಿ ಹೇಳಿದರು: "ಅಡುಗೆ ಕೋಣೆಯಲ್ಲೂ ಹಾಕಬೇಕು. ಬರಿಗಾಲಲ್ಲಿ ಒಂದು ಹೆಜ್ಜೆ ಕೂಡ ಇಡಬಾರದು. ತಿಳಿಯಿತಾ?"

ಮನೆಗೆ ಬಂದವಳೇ ನಾನು ಅತ್ತೆಯ ಕಿವಿಗೆ ಹಾಕಿದೆ. ಕಾಲು ತೊಳೆಯುವ ಮೊದಲೇ ಹಾಕಿದೆ. "ನಿಮ್ಮ ಕಿರಿ ಸೊಸೆ ಇನ್ನು ಒಲೆಯ ಬುಡದಲ್ಲೂ ಚಪ್ಪಲಿ ಮೆಟ್ಟಿ ತಿರುಗುದಂತೆ. ಸರಕಾರವೇ ಕಳಿಸಿದೆ. ನಮಗೆಲ್ಲ ಇಲ್ಲದ್ದು ಅವಳಿಗೆಂತಕ್ಕೆ, ಅವಳಿಗಿರುವ ಕಾಯಿಲೆ ಎಂತದು ಅಂತ ನೀವಾದರೂ ಹೋಗಿ ಕೇಳಿ."

ಅತ್ತೆ ಚಪ್ಪಲಿಯನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆದರು. "ದೇವರಿರುವ ಮನೆ ಇದು. ಬರುವ ಬುಧವಾರ ನಾನೇ ಬರ್ತೇನೆ. ಆ ಬಾಯಿಯ ಹತ್ತಿರ ಸರಿಯಾಗಿ ಕೇಳ್ತೇನೆ."

ದೇವಕಿಯ ಮುಖದಲ್ಲಿ ರಕ್ತ ಇರಲಿಲ್ಲ. ನನಗೆ ಆ ದಿನ ಊಟ ರುಚಿಸಿತು.

ಮಂಗಳವಾರ ಸಂಜೆ. ಬಚ್ಚಲಿನ ಹಂಡೆಗೆ ಬೆಂಕಿ ಹಾಕುವ ಕೆಲಸ ದೇವಕಿಯದು. ಸೌದೆ ಒದ್ದೆ, ಹೊಗೆ ಕಣ್ಣಿಗೆ ಬರುತ್ತಿತ್ತು. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದೆ. ಅವಳು ಕೊಳ್ಳಿಯನ್ನು ಒಳಗೆ ದೂಡಿ ಎದ್ದು ನಿಂತಳು. ಒಂದು ದೊಡ್ಡ ಕೆಂಡ ಹೊರಗೆ ಉರುಳಿತ್ತು. ಅದರ ಮೇಲೆಯೇ ಬಲಗಾಲಿನ ಹಿಮ್ಮಡಿಯೂರಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂಗು ಅರಳಿಸಿದಳು.

"ಅಕ್ಕಾ, ಎಂತದೋ ಸುಟ್ಟ ವಾಸನೆ ಬರ್ತದಲ್ಲ?"

ನನ್ನ ಕೈಯಿಂದ ಮೊರ ಬಿತ್ತು.

ಜಾಲ್ಸೂರಿನಲ್ಲಿ ನಾನು ಸಣ್ಣವಳಿದ್ದಾಗ ಊರಿನ ಹೊರಗೆ ಒಂದು ಗುಡಿಸಲಿನಲ್ಲಿ ಒಬ್ಬ ಮುದುಕನಿದ್ದ. ಬೆಂಕಿ ತುಳಿದರೂ ಅವನಿಗೆ ಗೊತ್ತಾಗುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ದೊಡ್ಡ ರೋಗ, ಅಂದರೆ ಕುಷ್ಠ. ಹೆಂಡತಿ ಮಕ್ಕಳು ಅವನಿಗೆ ದೂರದಲ್ಲಿ ಗಂಜಿ ಇಟ್ಟು ಹೋಗುತ್ತಿದ್ದರು, ಅಷ್ಟೇ. ಕೋಳಿಯ ಗರಿ, ಬಿಳಿ ಮಾತ್ರೆ, ಮೆತ್ತನೆಯ ಚಪ್ಪಲಿ, ಎಲ್ಲ ಒಟ್ಟಿಗೆ ನನ್ನ ತಲೆಯೊಳಗೆ ಬಂದು ಕುಳಿತವು. ನಾನು ಅಷ್ಟು ದಿನ ಕರುಬಿದ್ದು ಇದಕ್ಕೆ. ಇವಳು ನೋವನ್ನು ತಡೆದದ್ದಲ್ಲ. ಇವಳಿಗೆ ನೋವೇ ಇರಲಿಲ್ಲ.

ಅವಳನ್ನು ರಟ್ಟೆ ಹಿಡಿದು ಈಚೆ ಎಳೆದೆ. ಹಿಮ್ಮಡಿ ನೋಡಿಕೊಂಡು ಅವಳು ನೆಲಕ್ಕೆ ಕುಸಿದಳು. "ಅಕ್ಕಾ, ಅತ್ತೆಗೆ ಹೇಳಬೇಡಿ. ನನ್ನನ್ನು ಮರ್ಕಂಜಕ್ಕೂ ಸೇರಿಸುದಿಲ್ಲ. ನಾನು ಎಲ್ಲಿಗೆ ಹೋಗುದು?"

ಒಳಗಿನಿಂದ ಅತ್ತೆಯ ಸ್ವರ: "ಎಂತ ಅದು ಚರ್ಮ ಸುಟ್ಟ ವಾಸನೆ?"

ಆಗ ನಾನು ಮಾಡಿದ್ದನ್ನು ದೊಡ್ಡಸ್ತಿಕೆ ಎಂದು ತಿಳಿಯಬೇಡಿ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಕಾಲಿನ ಹೆಬ್ಬೆರಳನ್ನು ಕೆಂಡಕ್ಕೆ ತಾಗಿಸಿದೆ, ಮತ್ತೆ ಕೂಗಿದೆ. ಕೂಗುವುದೊಂದರಲ್ಲಾದರೂ ಅವಳಿಗಿಂತ ನಾನು ಮೇಲು.

"ಅಯ್ಯಯ್ಯೋ, ಕೆಂಡ ತುಳಿದೆ ಅತ್ತೇ! ಸತ್ತೇ!"

ಅತ್ತೆ ಬಂದು ನನ್ನ ಬೆರಳು ನೋಡಿ, "ಕಣ್ಣು ಎಲ್ಲಿತ್ತು ನಿನಗೆ?" ಎಂದು ಬೈದು ಬೆಣ್ಣೆ ತರಲು ಹೋದರು. ಅಷ್ಟರಲ್ಲಿ ದೇವಕಿಯ ಹಿಮ್ಮಡಿಗೆ ನನ್ನ ಹಳೆಯ ಸೀರೆಯ ತುಂಡು ಸುತ್ತಿದೆ. ಆದರೆ ಮರುದಿನ ಬುಧವಾರ. ಅತ್ತೆಯನ್ನು ಹೊರಡಿಸಿದ್ದು ನನ್ನ ನಾಲಗೆಯೇ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಮರುದಿನ ಅತ್ತೆ ಅಟ್ಟದಿಂದ ಚಪ್ಪಲಿ ಇಳಿಸಿ ಕಾಗದದಲ್ಲಿ ಸುತ್ತಿಕೊಂಡು ಮುಂದೆ ನಡೆದರು. ಹಿಂದೆ ನಾವಿಬ್ಬರು ಕುಂಟಿಯರು. ದೇವಕಿ ಕುಂಟಿದ್ದು ನನ್ನನ್ನು ನೋಡಿಕೊಂಡು, ಅವಳಿಗೂ ನೋವುಂಟು ಎಂದು ಕಾಣಬೇಕಲ್ಲ. ಧರ್ಮಾಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಅತ್ತೆ ಚಪ್ಪಲಿಯನ್ನು ಬಾಯಿಯ ಮುಂದಿಟ್ಟರು.

"ಸತ್ಯ ಹೇಳಿ ಬಾಯಿ. ನನ್ನ ಸೊಸೆಗೆ ಎಂತ ಕಾಯಿಲೆ? ಇದು ಅವಳಿಗೆ ಯಾಕೆ?"

ಸಿಸಿಲಿ ಬಾಯಿ ಉತ್ತರ ಕೊಡುವ ಮೊದಲೇ ನಾನು ಹೇಳಿದೆ: "ಕೆಸರುಹುಣ್ಣು ಅತ್ತೆ. ನನಗೂ ಅದೇ. ನನಗೂ ಬಾಯಿ ಪ್ರತಿ ಬುಧವಾರ ಕಾಲು ತೊಳೆಯುದು. ಕೇಳಿ ಬೇಕಾದ್ರೆ."

ಬಾಯಿ ನನ್ನ ಸುಟ್ಟ ಹೆಬ್ಬೆರಳನ್ನು ನೋಡಿದರು. ದೇವಕಿಯ ಹಿಮ್ಮಡಿಯ ಸೀರೆ ತುಂಡನ್ನು ನೋಡಿದರು. "ಹೌದಮ್ಮ. ಇಬ್ಬರಿಗೂ ಒಟ್ಟಿಗೇ ನೋಡ್ತಾ ಇದ್ದೇನೆ," ಎಂದರು.

ಅತ್ತೆಯ ಹೆಗಲು ಸಡಿಲವಾಯಿತು. ಇಬ್ಬರೂ ಸೊಸೆಯಂದಿರಿಗೆ ಇದ್ದ ಮೇಲೆ ಅದು ಕೆಟ್ಟ ಕಾಯಿಲೆ ಆಗಿರಲು ಸಾಧ್ಯವಿಲ್ಲ ಎಂದು ಅವರ ಲೆಕ್ಕ. ನಾನು ಉಸಿರು ಬಿಟ್ಟೆ. ಆದರೆ ಅತ್ತೆ ಮುಗಿಸಿರಲಿಲ್ಲ.

"ಒಂದೇ ಜೋಡಿ ಬಂದದ್ದಾದ್ರೆ ಹಿರಿಯವಳಿಗೆ ಅಲ್ವಾ ಕೊಡುದು? ನಮ್ಮಲ್ಲಿ ಸೀರೆ ಬಂದ್ರೂ ಮೊದಲು ಹಿರಿ ಸೊಸೆಗೆ. ತಗೋ ಕಮಲಾ, ನೀನು ಮೆಟ್ಟು."

ನಾಲ್ಕು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನನ್ನು ಹಿರಿಯವಳು ಎಂದು ನಾಲ್ಕು ಜನರೆದುರು ಎತ್ತಿ ಹೇಳಿದ್ದು. ಅದೂ ಈ ಹೊತ್ತಿಗೆ! ದೇವಕಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಬಾಯಿ ಏನು ಹೇಳಿದರೂ ಗುಟ್ಟು ಒಡೆಯುತ್ತಿತ್ತು.

ಚಪ್ಪಲಿ ಮೆಟ್ಟಿದೆ. ದೇವರಾಣೆ, ಅಂಥ ಸುಖ ನನ್ನ ಕಾಲು ಕಂಡದ್ದಿಲ್ಲ. ಅದು ಕೆಸರಿನ ಮೆತ್ತಗಲ್ಲ, ಹತ್ತಿಯ ಮೆತ್ತಗಲ್ಲ. ಪಾದದ ಒಂದೊಂದು ಜಾಗಕ್ಕೂ ಯಾರೋ ಕೈಯೊಡ್ಡಿದಂತಿತ್ತು. ಮೂರು ಹೆಜ್ಜೆ ನಡೆದೆ. ಇನ್ನೊಂದು ಹೆಜ್ಜೆ ಹೆಚ್ಚಿಗೆ ಇಟ್ಟೆ, ಅದು ನನಗೋಸ್ಕರ. ಹೌದೆನ್ನಲು ಒಂದು ಮಾತು ಸಾಕಿತ್ತು. ಅದು ನಾಲಗೆಯ ತುದಿಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ?

"ಕಚ್ಚುತ್ತದೆ ಅತ್ತೆ," ಎಂದೆ. "ಇದು ನನ್ನ ಕಾಲಿಗಲ್ಲ. ಅವಳೇ ಹಾಕಲಿ."

ಮುಖ ಸಿಂಡರಿಸಿ ಬಿಚ್ಚಿದೆ. ಸಿಂಡರಿಸಲು ಏನೂ ಕಷ್ಟವಾಗಲಿಲ್ಲ, ಸುಟ್ಟ ಬೆರಳು ಸಹಾಯಕ್ಕಿತ್ತು.

ಅತ್ತೆ ಮುಂದಿನ ಬೆಂಚಿಗೆ ಹೋದ ಮೇಲೆ ಬಾಯಿಯನ್ನು ಕೇಳಿದೆ: "ನಾನು ಸುಳ್ಳು ಹೇಳಿದ್ದು ನಿಮಗೆ ಯಾವಾಗ ಗೊತ್ತಾಯಿತು?"

"ಮೊದಲ ದಿವಸವೇ. ಗೊತ್ತಾಗದವರ ಬೆರಳು ಹಾಗೆ ಮುದುಡಿಕೊಳ್ಳುದಿಲ್ಲ ಮಗಾ."

"ಮತ್ತೆ ಯಾಕೆ ತೊಳೆದದ್ದು?"

"ನಿನ್ನದೂ ಕೆಸರು ತಿಂದ ಕಾಲೇ ಅಲ್ವಾ? ಮತ್ತೆ, ಒಬ್ಬಳೇ ಬಂದ್ರೆ ಊರು ಕೇಳ್ತದೆ. ಇಬ್ಬರು ಬಂದ್ರೆ ಯಾರೂ ಕೇಳುದಿಲ್ಲ." ಆಮೇಲೆ ಸ್ವರ ತಗ್ಗಿಸಿ ಹೇಳಿದರು: "ಮಾತ್ರೆ ತಪ್ಪದೆ ತಗೊಂಡ್ರೆ ಇದು ಗುಣ ಆಗ್ತದೆ. ಅವಳ ಹತ್ತಿರ ಹೋಗಲಿಕ್ಕೆ ಹೆದರಬೇಡ. ಕಾಲನ್ನು ಮಾತ್ರ ದಿನಾ ನೋಡಿಕೊಳ್ಳಬೇಕು."

ಹಾಗೆ ಬುಧವಾರಗಳು ನಡೆದವು, ಆ ಮಳೆಗಾಲ, ಅದರ ಮರುವರ್ಷದ್ದು, ಮತ್ತಿನದ್ದು. ಮೈದುನನನ್ನು ಬಾಯಿಯೇ ಕರೆಸಿ ಹೇಳಿದರು. ಅವನು ಹೆಂಡತಿಯನ್ನು ಬಿಡಲಿಲ್ಲ. ಅತ್ತೆ ಮಾತ್ರ ಕೆಸರುಹುಣ್ಣೆಂದು ನಂಬಿಕೊಂಡೇ ತೀರಿಹೋದರು. ದೇವಕಿಯ ಹುಣ್ಣು ಮಾಯಿತು, ರೋಗ ಹೋಯಿತು, ಕಾಲಿನ ಜೋಮು ಉಳಿಯಿತು. ಹೆಬ್ಬೆರಳ ವಿಷಯವಾಗಲಿ ಚಪ್ಪಲಿಯ ವಿಷಯವಾಗಲಿ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ನನ್ನ ಹೊಟ್ಟೆಕಿಚ್ಚು ತೀರಿತು ಎಂದುಕೊಳ್ಳಬೇಡಿ. ಅವಳು ಹೊಸ ಜೋಡಿ ಮೆಟ್ಟಿ ಅಂಗಳ ದಾಟುವಾಗಲೆಲ್ಲ ನನ್ನ ಕಣ್ಣು ಅದರ ಮೇಲೆಯೇ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಆ ಎಳೆಯ ನರ್ಸಮ್ಮ ಗರಿಯ ಬದಲು ಒಂದು ನೈಲಾನ್ ದಾರ ಹಿಡಿದು, "ಅಜ್ಜಿ, ಕಣ್ಣು ಮುಚ್ಚಿ. ತಾಗಿದಾಗ ಹೇಳಿ" ಎಂದಳು. ನಾನು ಕಣ್ಣು ಮುಚ್ಚಿ, ಈ ಸಲ ನಗು ಬಂದರೆ ತಡೆಯುವುದಿಲ್ಲ ಎಂದುಕೊಂಡು ಕಾದೆ. ಕಾಯುತ್ತಲೇ ಇದ್ದೆ. ಕಣ್ಣು ಬಿಟ್ಟಾಗ ಅವಳು ದಾರವನ್ನು ಡಬ್ಬಿಗೆ ಹಾಕಿ ಬರೆದುಕೊಳ್ಳುತ್ತಿದ್ದಳು. "ಮುಗಿಯಿತು ಅಜ್ಜಿ" ಎಂದಳು. ಒಂದು ಜೋಡಿ ಕಪ್ಪು ಚಪ್ಪಲಿ ಕೊಟ್ಟಳು, ಒಳಗೆ ದಪ್ಪದ ಮೆತ್ತನೆಯ ರಬ್ಬರು.

ಅದನ್ನು ಮೆಟ್ಟಿಕೊಂಡೇ ಮನೆಗೆ ಬಂದೆ. ಪಾಲಾದ ಮೇಲೆ ಪಕ್ಕದಲ್ಲೇ ಕಟ್ಟಿಕೊಂಡ ತನ್ನ ಮನೆಯ ಜಗಲಿಯಲ್ಲಿ ದೇವಕಿ ಕುಳಿತಿದ್ದಳು, ತಲೆಯೆಲ್ಲ ಬೆಳ್ಳಗೆ. ನನ್ನ ಕಾಲು ನೋಡಿದಳು. ಬಹಳ ಹೊತ್ತು ನೋಡಿದಳು.

"ಅಂತೂ ನಿಮಗೂ ಸಿಕ್ಕಿತಲ್ಲ ಅಕ್ಕಾ. ಹೇಗುಂಟು? ಕಚ್ಚುತ್ತದಾ?"

"ಗೊತ್ತಾಗುದಿಲ್ಲ ಮಾರಾಯ್ತಿ," ಎಂದೆ.

ಅವಳು ನಗಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿ, ಚಪ್ಪಲಿ ಬಿಚ್ಚಿ, ನನ್ನ ಕಾಲನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಸಿಸಿಲಿ ಬಾಯಿ ಮಾಡುತ್ತಿದ್ದ ಹಾಗೆಯೇ ಬೆರಳು ಬೆರಳು ಬಿಡಿಸಿ, ಸಂದು ಸಂದು ನೋಡಿದಳು. ಹೆಬ್ಬೆರಳ ತುದಿಯ ಹಳೆಯ ಸುಟ್ಟ ಕಲೆಗೆ ಬಂದಾಗ ಅವಳ ಕೈ ಅಲ್ಲೇ ನಿಂತಿತು. ಆ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ ನನಗೆ ತಿಳಿಯಲಿಲ್ಲ.